ಪಕ್ಕವಾದ್ಯದವಳ ಎಂ.ಎ.

ಚಿಂತೆ ಮಾಡುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಪಿಟೀಲಿಗೆ ಮಾತ್ರ ಮೇಷ್ಟ್ರು ಬೇಕಾದರು. ಚಿಂತೆಗೆ ದಿನಾ ಸಾಧನೆ ಬೇಕಿರಲಿಲ್ಲ, ಶ್ರುತಿ ಮಾಡಿಕೊಳ್ಳಬೇಕಿರಲಿಲ್ಲ, ಕೂತಲ್ಲಿ ತಾನಾಗಿ ನುಡಿಯುತ್ತಿತ್ತು. ಈಗ ನಲವತ್ತು ದಾಟಿದ್ದೇನೆ. ಇಂದಿರಾಪುರಂನ ಒಂದು ಎತ್ತರದ ಸೊಸೈಟಿಯಲ್ಲಿ ಕೂತು, ಲಿಫ್ಟು ಕೆಟ್ಟರೆ ಏನು ಗತಿ ಎಂದು ಲಿಫ್ಟು ಚೆನ್ನಾಗಿರುವಾಗಲೇ ಯೋಚಿಸುತ್ತೇನೆ. ಇಂಥ ನಾನು ಇಪ್ಪತ್ತೊಂದನೇ ವಯಸ್ಸಿನಲ್ಲಿ ಹೇಗಿದ್ದೆ ಎಂದು ಕೇಳಿದರೆ, ಹೀಗೇ ಇದ್ದೆ, ಮೊಣಕಾಲು ಚೆನ್ನಾಗಿತ್ತು, ಅಷ್ಟೆ.

ಎರಡು ಸಾವಿರದ ನಂತರದ ಮೊದಲ ವರ್ಷಗಳು ಅವು. ಮೆಟ್ರೊಗೆಂದು ದೆಹಲಿಯನ್ನು ಅಲ್ಲಲ್ಲಿ ಅಗೆದುಹಾಕಿದ್ದರು, ಮೆಟ್ರೊ ಮಾತ್ರ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ನಾನು ಬಿ.ಕಾಂ. ಮುಗಿಸಿದ್ದೆ. ಮುಂದೇನು ಎಂಬುದಕ್ಕೆ ಎರಡು ದಾರಿ ಕಾಣುತ್ತಿದ್ದವು. ಒಂದು, ನೋಯ್ಡಾದಲ್ಲಿ ಸಿದ್ಧ ಉಡುಪು ರಫ್ತು ಮಾಡುವ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಅಪ್ಪನ ಆಫೀಸಿನವರೊಬ್ಬರ ಭಾವಮೈದುನ ಅಲ್ಲಿದ್ದ, ಹ್ಞೂ ಅಂದರೆ ಮುಂದಿನ ತಿಂಗಳೇ ಸೇರಬಹುದಿತ್ತು. ಇನ್ನೊಂದು, ವಿಶ್ವವಿದ್ಯಾಲಯದಲ್ಲಿ ಕರ್ನಾಟಕ ಸಂಗೀತದ ಎಂ.ಎ. ಕಾಲೇಜಿನಲ್ಲಿ ಸಂಗೀತ ಓದದಿದ್ದರೂ ಪರವಾಗಿಲ್ಲ, ಮೂವರ ಮುಂದೆ ಕೂತು ನುಡಿಸಿ ಒಪ್ಪಿಸಿದರೆ ಸೇರಿಸಿಕೊಳ್ಳುತ್ತಾರೆ ಎಂದು ಪಿಟೀಲು ಮೇಷ್ಟ್ರು ಪತ್ತೆಮಾಡಿ ತಂದಿದ್ದರು.

ಆಗ ನಾವಿದ್ದದ್ದು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಬಟ್ಟೆ ಒಣಗಿಸುವಷ್ಟು ಹಿತ್ತಿಲು, ಕಿಟಕಿಗೆ ಬಿಗಿದ ತಗಡಿನ ದೊಡ್ಡ ಕೂಲರ್. ಈ ಕೂಲರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನಮ್ಮ ಮನೆಯ ಸಂಗೀತ ಅರ್ಥವಾಗುವುದಿಲ್ಲ. ಅದರ ಫ್ಯಾನು ತಿರುಗತೊಡಗಿದರೆ ಬಿಡದೆ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಅಮ್ಮ ಬೇಸಿಗೆಯುದ್ದಕ್ಕೂ ಅದನ್ನೇ ಷಡ್ಜ ಮಾಡಿಕೊಂಡು ಹಾಡುತ್ತಿದ್ದಳು. ಶ್ರುತಿಪೆಟ್ಟಿಗೆ ಬೀರುವಿನಲ್ಲಿ ಭದ್ರವಾಗಿತ್ತು, ಅದು ಚಳಿಗಾಲದ ಸಾಮಾನು. ವೋಲ್ಟೇಜ್ ಇಳಿದರೆ ಕೂಲರಿನ ಸ್ವರ ಇಳಿಯುತ್ತಿತ್ತು, ಅದರ ಹಿಂದೆ ಅಮ್ಮ ಇಳಿಯುತ್ತಿದ್ದಳು, ಅಮ್ಮನ ಹಿಂದೆ ನಾನು ಪಿಟೀಲಿನ ಬಿರಡೆ ತಿರುಗಿಸುತ್ತಾ ಇಳಿಯುತ್ತಿದ್ದೆ. ಕರೆಂಟೇ ಹೋದರೆ ಅಮ್ಮ ಬೀಸಣಿಗೆ ಎತ್ತಿಕೊಂಡು, ಇವತ್ತಿಗೆ ಮಂಗಳ, ಅನ್ನುತ್ತಿದ್ದಳು.

ಸುತ್ತಲಿನ ಸರ್ಕಾರಿ ಕಾಲೊನಿಗಳ ಕನ್ನಡದವರು ಶನಿವಾರ ಸಂಜೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಭಜನೆಗೆ ಸೇರುತ್ತಿದ್ದೆವು. ಹೆಂಗಸರು ಹಾಡುವುದು, ಗಂಡಸರು ತಾಳ ತಪ್ಪಿಸುವುದು, ಮಕ್ಕಳು ಹಿಂದಿಯಲ್ಲಿ ಜಗಳವಾಡುವುದು, ಕೊನೆಗೆ ಎಲ್ಲರಿಗೂ ಅವಲಕ್ಕಿ. ಅಲ್ಲಿ ಮುಖ್ಯವಾಗಿ ಹಾಡುವವಳು ಅಮ್ಮ. ನನ್ನನ್ನೂ ಹಾಡಿಸಬೇಕೆಂದು ಚಿಕ್ಕಂದಿನಲ್ಲಿ ಲೋಧಿ ಕಾಲೊನಿಯ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರು ಆಡಿಟ್ ಆಫೀಸಿನಿಂದ ನಿವೃತ್ತರಾದವರು, ತಪ್ಪು ಹುಡುಕುವುದು ಕೈಗೆ ಹತ್ತಿದ ಕೆಲಸ. ನನ್ನ ಸರಳೆ ವರಸೆಯನ್ನು ಸ್ವಲ್ಪ ಹೊತ್ತು ಕೇಳಿ, ಈ ಮಗುವಿಗೆ ಸ್ವರಜ್ಞಾನ ಇದೆ ತಾಯಿ, ಗಂಟಲು ಇಲ್ಲ, ಕೈಗೆ ಏನಾದರೂ ಕೊಡಿ, ಅಂದರಂತೆ. ಹಾಗೆ ಕೈಗೆ ಪಿಟೀಲು ಬಂತು, ಅವರೇ ಪಿಟೀಲು ಮೇಷ್ಟ್ರಾದರು. ಹತ್ತನೇ ವಯಸ್ಸಿನಿಂದ ಶನಿವಾರಗಳಲ್ಲಿ ನಾನು ಅಮ್ಮನ ಪಕ್ಕವಾದ್ಯ.

ಪಕ್ಕವಾದ್ಯ ಅಂದರೆ ಒಂದು ಸ್ವಭಾವ. ಹಾಡುವವರು ಒಂದು ಸಂಗತಿ, ಅಂದರೆ ರಾಗದ ಒಂದು ಎಳೆ, ಹಾಡುತ್ತಾರೆ, ನೀವು ಕೂದಲೆಳೆಯಷ್ಟು ಹಿಂದೆ ಅದನ್ನೇ ಹಿಡಿದು ಬರುತ್ತೀರಿ. ಅವರು ಉಸಿರು ತೆಗೆದುಕೊಳ್ಳುವಾಗ ಆ ಸಂಗತಿಯ ಬಾಲವನ್ನು ಇನ್ನೊಮ್ಮೆ ನುಡಿಸಿ ಸುಮ್ಮನಾಗುತ್ತೀರಿ. ಮುಂದಿನದನ್ನು ಅವರು ಹೇಳಬೇಕು. ಅಮ್ಮನ ಪಕ್ಕದಲ್ಲಿ ಇದರ ಜೊತೆಗೆ ಬೇರೆ ಕಸುಬೂ ಬೇಕಿತ್ತು. ಅವಳು ಎರಡನೇ ಚರಣ ಮರೆತರೆ ಪಲ್ಲವಿಯನ್ನೇ ಮತ್ತೆ ಮತ್ತೆ ಹಾಡುತ್ತಾ ಅಡುಗೆಮನೆಯ ಕಡೆ ನೋಡುತ್ತಿದ್ದಳು, ಸಾಲು ಅಲ್ಲೆಲ್ಲೋ ಇಟ್ಟು ಬಂದವಳ ಹಾಗೆ. ಅದು ನೆನಪಾಗುವವರೆಗೆ ನಾನು ಬೇಕೆಂದೇ ಎಳೆಯುತ್ತಿದ್ದೇನೆ ಎಂಬಂತೆ ನುಡಿಸಬೇಕು. ಯಾರೋ ಮುಂದೆ ಹೋಗುತ್ತಿರುವಾಗ ಅವರ ಸೆರಗು ಹಿಡಿದು ನಡೆಯುವುದು ನನ್ನಂಥ ಪುಕ್ಕಲಿಗೆ ಎಷ್ಟು ಹಿತ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ತಪ್ಪಿದರೂ ಅವರೇ ಮೊದಲು ತಪ್ಪಿರುತ್ತಾರೆ.

ಅದಕ್ಕೇ ಮೇಷ್ಟ್ರು ಎಂ.ಎ. ವಿಷಯ ಎತ್ತಿದಾಗ ನನಗೆ ಖುಷಿಗಿಂತ ಮೊದಲು ಚಿಂತೆ ಹತ್ತಿತು. ಅವರು ಕಮಾನಿಗೆ ರಾಳ ಉಜ್ಜುತ್ತಾ ಹೇಳಿದ್ದು ಇಷ್ಟೇ:

"ಇಷ್ಟು ವರ್ಷ ಅಮ್ಮನ ಹಿಂದೆ ನುಡಿಸಿದ್ದಾಯ್ತು. ಒಬ್ಬಳೇ ಕೂತು ನುಡಿಸಿದರೆ ಒಳಗೆ ಏನಿದೆ ಅಂತ ಗೊತ್ತಾಗುತ್ತೆ."

ಒಳಗೆ ಏನೂ ಇಲ್ಲ ಅಂತ ಗೊತ್ತಾದರೆ? ನನ್ನ ಇಡೀ ಚಿಂತೆ ಅದೊಂದೇ. ಪ್ರವೇಶ ಸಿಗದಿದ್ದರೆ ಎಂಬುದಲ್ಲ. ಸಿಕ್ಕಿ, ಎರಡು ವರ್ಷ ಒಬ್ಬಳೇ ನುಡಿಸಿ, ಇವಳೊಳಗೆ ಅಮ್ಮನ ನೆರಳು ಬಿಟ್ಟರೆ ಬೇರೆ ಏನೂ ಇರಲಿಲ್ಲ ಎಂದು ಸರ್ಟಿಫಿಕೇಟ್ ಸಮೇತ ಸಾಬೀತಾದರೆ? ನೋಯ್ಡಾದ ಕಂಪನಿಗೆ ಹೋದರೆ ಅದು ಎಂದಿಗೂ ಸಾಬೀತಾಗುವುದಿಲ್ಲ. ಅವಕಾಶ ಸಿಕ್ಕಿದ್ದರೆ ನಾನೂ ಏನೋ ಆಗುತ್ತಿದ್ದೆ ಎಂದು ಮುದುಕಿಯಾಗುವ ತನಕ ಹೇಳಿಕೊಂಡು ತಿರುಗಬಹುದು.

ಅಪ್ಪನನ್ನು ಕೇಳಿದೆ. ಅವರು ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ಬದುಕಿನ ಯಾವುದೇ ವಿಷಯ ಅವರಿಗೆ ಫೈಲಿನ ರೂಪದಲ್ಲಿ ಬಂದರೇ ಅರ್ಥವಾಗುವುದು. ನಮ್ಮ ಮನೆತನದಲ್ಲಿ ಇದಕ್ಕೆ ಹಿಂದಿನ ಉದಾಹರಣೆ ಇದೆಯಾ ಎಂದು ಕೇಳಿದರು. ಇಲ್ಲ ಅಂದೆ. ಮುಂದಿನ ವರ್ಷ ತಾವು ರಿಟೈರ್ ಆಗುವುದನ್ನೂ, ಆದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಗುವುದನ್ನೂ, ಇಂದಿರಾಪುರಂ ಕಡೆ ಒಂದು ಫ್ಲ್ಯಾಟು ನೋಡುತ್ತಿರುವುದನ್ನೂ ಜ್ಞಾಪಿಸಿದರು. ಆಮೇಲೆ ತಾವೇ, ಇದೆಲ್ಲ ನಿನ್ನ ಮೇಲೆ ಒತ್ತಡ ತರುವುದಕ್ಕೆ ಹೇಳಿದ್ದಲ್ಲ, ರೆಕಾರ್ಡಿನಲ್ಲಿರಲಿ ಅಂತ, ಎಂದು ಸೇರಿಸಿ, ಫೈಲನ್ನು ಅಭಿಪ್ರಾಯಕ್ಕಾಗಿ ಅಮ್ಮನಿಗೆ ಕಳಿಸಿದರು. ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದಳು. "ನಿನಗೆ ಏನು ಸರಿ ಅನ್ನಿಸುತ್ತೋ ಹಾಗೆ ಮಾಡು ಪುಟ್ಟಿ" ಅಂದಳು. ಪಕ್ಕವಾದ್ಯದವರಿಗೆ ಇದಕ್ಕಿಂತ ಭಯಂಕರವಾದ ಮಾತು ಇನ್ನೊಂದಿಲ್ಲ. ಫೈಲು ಸುತ್ತಿ ಸುತ್ತಿ ನನ್ನ ಮೇಜಿಗೇ ವಾಪಸ್ಸು ಬಂದಿತ್ತು.

ಮೇಲಿನ ಮನೆಯ ಪಂಜಾಬಿ ಆಂಟಿಗೂ ವಿಷಯ ಮುಟ್ಟಿತು. ಅವರು ನನ್ನ ಪಿಟೀಲನ್ನು ಹತ್ತು ವರ್ಷದಿಂದ 'ಬಾಜಾ' ಎಂದೇ ಕರೆದುಕೊಂಡು ಬಂದವರು. ಮೊಸರಿನ ಹೆಪ್ಪು ಇಸಿದುಕೊಳ್ಳಲು ಬಂದಾಗ ಅಮ್ಮನಿಗೆ ಬಹಳ ಕಾಳಜಿಯಿಂದ, "ಬೆಹನ್‌ಜೀ, ಬಚ್ಚಿಗೆ ಇಷ್ಟು ವರ್ಷ ಪಾಠ ಹೇಳಿಸಿದರೂ ಕಲಿತು ಮುಗಿದಿಲ್ಲವಾ?" ಎಂದು ಕೇಳಿದರು. ಅಮ್ಮ ಒಳಗೆ ಬಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ. ಪ್ರಶ್ನೆ ನ್ಯಾಯವಾಗಿಯೇ ಇತ್ತು.

ತೀರ್ಮಾನ ಮಾಡಲಾಗದವರು ಮಾಡುವುದನ್ನೇ ನಾನೂ ಮಾಡಿದೆ. ನುಡಿಸಿ ಬರುವುದು, ಅವರು ಬೇಡ ಅಂದರೆ ತೀರ್ಮಾನ ತಾನೇ ಆಗುತ್ತದೆ. ಜುಲೈ ತಿಂಗಳ ಬಿಸಿಲಲ್ಲಿ ಅಪ್ಪ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. ರಿಂಗ್ ರೋಡಿನಲ್ಲಿ ಸುತ್ತುವ ಮುದ್ರಿಕಾ ಬಸ್ಸಿನಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು, ಬ್ರೇಕ್ ಹಾಕಿದಾಗಲೆಲ್ಲ ಅದರ ತಲೆ ಹಿಡಿದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತವನು ಒಳಗೇನು ಎಂದು ಕೇಳಿದ್ದಕ್ಕೆ, ಇನ್ನೂ ಪರಿಶೀಲನೆಯಲ್ಲಿದೆ, ಎಂದು ಹಿಂದಿಯಲ್ಲಿ ಉತ್ತರ ಕೊಟ್ಟರು. ಅವನು ಸೀಟು ಬದಲಾಯಿಸಿದ.

ಒಳಗೆ ಮೂವರಿದ್ದರು. ಇಬ್ಬರು ಗಂಡಸರು ಮಾತಾಡಲೇ ಇಲ್ಲ. ಮಾತಾಡಿದವರು ನಡುವೆ ಕೂತಿದ್ದ ಹಿರಿಯ ಹೆಂಗಸು; ಅವರ ಹಿಂದಿಗೆ ತಮಿಳಿನ ಒಗ್ಗರಣೆ ಧಾರಾಳವಾಗಿತ್ತು. ಜಮಖಾನದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿ, ತಂಬೂರಿಯ ಜೊತೆ ಶ್ರುತಿ ಕೂಡಿಸಿಕೊಂಡೆ. ಕಲ್ಯಾಣಿ ಆಲಾಪನೆ ಮಾಡು ಅಂದರು. ಕಲ್ಯಾಣಿ ಅಮ್ಮನ ರಾಗ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನುಡಿಸಬಲ್ಲೆ. ಮೊದಲ ಸಂಗತಿ ನುಡಿಸಿದೆ. ಚೆನ್ನಾಗಿ ಬಂತು. ನಿಲ್ಲಿಸಿದೆ. ಎರಡನೆಯದು ನುಡಿಸಿದೆ. ನಿಲ್ಲಿಸಿದೆ. ಮೂರನೆಯದರ ನಂತರ ನಿಂತದ್ದು ಸ್ವಲ್ಪ ಹೆಚ್ಚೇ ಆಯಿತು. ಕೋಣೆಯಲ್ಲಿ ಬರೀ ತಂಬೂರಿ. ಆ ಹೆಂಗಸು ಕನ್ನಡಕ ಕೆಳಗಿಳಿಸಿ, ಮರೆತು ಹೋಯಿತೇ ಎಂದು ಕೇಳಿದರು. ಇಲ್ಲ ಅಂದೆ. ಮತ್ತೆ ಯಾಕೆ ನಿಂತೆ ಅಂದರು. ನಾನು ನಿಂತಿದ್ದೇನೆ ಎಂಬುದು ನನಗೆ ಗೊತ್ತಾದದ್ದೇ ಆಗ. ಕತ್ತು ನೋಡಿದರೆ ಎಡಕ್ಕೆ ತಿರುಗಿತ್ತು. ಶನಿವಾರಗಳಲ್ಲಿ ಅಮ್ಮ ಕೂರುವುದು ಎಡಕ್ಕೆ.

"ಯಾರಿಗೆ ಕಾಯ್ತಾ ಇದ್ದೀಯಮ್ಮ?"

"ಹಾಡುವವರಿಗೆ" ಅಂದೆ.

ಇಬ್ಬರು ಗಂಡಸರೂ ನಕ್ಕರು. ಆ ಹೆಂಗಸು ನಗಲಿಲ್ಲ. ಯಾರ ಜೊತೆ ನುಡಿಸುತ್ತೀಯ ಎಂದು ಕೇಳಿ ತಿಳಿದುಕೊಂಡು, ಇನ್ನೊಮ್ಮೆ ನುಡಿಸು, ಈ ಸಲ ಕಾಯಬೇಡ ಅಂದರು. ಕಾಯಬಾರದು ಎಂದುಕೊಂಡೇ ನುಡಿಸಿದೆ, ಹೆದರಿ ಓಡಿದ ಹಾಗಾಯಿತು. ಅವರು ಕೈಯೆತ್ತಿ ಸಾಕು ಅಂದು, ನಾನು ಹೊರಡುವ ಮುಂಚೆ ಒಂದು ಮಾತು ಹೇಳಿದರು.

"ಆ ಖಾಲಿ ಜಾಗ ತುಂಬೋದನ್ನ ನಾವು ಎರಡು ವರ್ಷದಲ್ಲಿ ಕಲಿಸ್ತೀವಿ. ತುಂಬಬೇಕು ಅಂತ ನಿನಗೆ ಇದೆಯಾ, ಅದನ್ನ ಯೋಚನೆ ಮಾಡಿಕೊಂಡು ಬಾ."

ಯೋಚನೆ ಮಾಡಿಕೊಂಡು ಬಾ ಎಂದು ನನಗೆ ಹೇಳುವುದು, ಮೀನಿಗೆ ಸ್ನಾನ ಮಾಡಿಕೊಂಡು ಬಾ ಅಂದ ಹಾಗೆ. ಎರಡು ದಿನಗಳ ನಂತರ ಬೋರ್ಡಿನಲ್ಲಿ ನನ್ನ ಹೆಸರೂ ಇತ್ತು. ಬೇಡ ಅಂದುಬಿಡುತ್ತಾರೆ ಎಂದು ನಂಬಿಕೊಂಡಿದ್ದ ನನಗೆ ಅವರು ಮೋಸ ಮಾಡಿದ್ದರು. ಸೋಮವಾರದೊಳಗೆ ಸೇರಬೇಕು, ನೋಯ್ಡಾದವರಿಗೂ ಸೋಮವಾರವೇ ಹೇಳಬೇಕು. ನಡುವೆ ಉಳಿದದ್ದು ಒಂದು ಶನಿವಾರ, ಆ ಶನಿವಾರದ ಭಜನೆ ನಮ್ಮ ಮನೆಯದು.

ಪರೀಕ್ಷೆಯಲ್ಲಿ ನಡೆದದ್ದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಆದರೆ ಅಪ್ಪ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಅವರು ಅಮ್ಮನಿಗೆ ಚಾಚೂ ತಪ್ಪದೆ ವರದಿ ಒಪ್ಪಿಸಿದ್ದರು ಎಂದು ನನಗೆ ಗೊತ್ತಾದದ್ದು ಆಮೇಲೆ.

ಶನಿವಾರ ಮನೆ ತುಂಬಾ ಜನ. ಚಪ್ಪಲಿಗಳು ಮೆಟ್ಟಿಲವರೆಗೆ. ಕೂಲರಿಗೆ ಅಪ್ಪ ಎರಡು ಬಕೆಟ್ ನೀರು ಹೆಚ್ಚಿಗೆ ಸುರಿದಿದ್ದರು, ಅದು ಗಟ್ಟಿಯಾಗಿ ಷಡ್ಜ ಹಿಡಿದಿತ್ತು. ನಾಲ್ಕಾರು ಹಾಡುಗಳಾದವು. ಆಮೇಲೆ ಅಮ್ಮ ಒಂದು ದೇವರನಾಮಕ್ಕೆ ಮೊದಲು ಉಗಾಭೋಗ ಎತ್ತಿಕೊಂಡಳು, ಕಲ್ಯಾಣಿಯಲ್ಲಿ. ಉಗಾಭೋಗಕ್ಕೆ ತಾಳವಿಲ್ಲ, ಸಾಲನ್ನು ಮನಸ್ಸಿಗೆ ಬಂದಷ್ಟು ಎಳೆದು, ರಾಗದೊಳಗೆ ಓಡಾಡಿಕೊಂಡು ಬರಬಹುದು. ಅಮ್ಮ ಮೊದಲ ಸಾಲು ಹಾಡಿದಳು. ನಾನು ಬಾಲ ಹಿಡಿದು ನುಡಿಸಿ ಸುಮ್ಮನಾದೆ. ಅಮ್ಮ ಮುಂದುವರಿಸಲಿಲ್ಲ.

ಸಾಲು ಮರೆತಿದ್ದಾಳೆ ಅಂದುಕೊಂಡೆ. ಅದೇ ಬಾಲವನ್ನು ಇನ್ನೊಮ್ಮೆ ಎಳೆದೆ. ಅಮ್ಮ ಅಡುಗೆಮನೆಯ ಕಡೆ ನೋಡಲಿಲ್ಲ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನನ್ನನ್ನೇ ನೋಡಿದಳು. ನಾನೂ ಅವಳನ್ನು ನೋಡಿದೆ. ಕೂಲರು ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ಅಪ್ಪ ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಹಿಂದೆ ಯಾರೋ ಮಗುವಿಗೆ ಚುಪ್ ಅಂದರು.

"ನುಡಿಸು" ಅಂದಳು ಅಮ್ಮ. ಉಪ್ಪಿನ ಡಬ್ಬ ತಾ ಅನ್ನುವ ಧ್ವನಿಯಲ್ಲಿ.

ನುಡಿಸಿದೆ. ಮೊದಲ ಸಂಗತಿ ಅಮ್ಮನದೇ, ಎರಡನೆಯದೂ ಅಮ್ಮನದೇ, ಅವಳ ಗಂಟಲ ಒರಟು ಕೂಡ ಅದರಲ್ಲಿತ್ತು. ಅವು ಮುಗಿದುಹೋದವು. ನಿಲ್ಲಿಸಬೇಕಾದ ಕಡೆ ಬಂದು ಎಡಕ್ಕೆ ನೋಡಿದರೆ ಅವಳು ತಲೆ ತಗ್ಗಿಸಿ ಬಳೆ ಸರಿಮಾಡಿಕೊಳ್ಳುತ್ತಿದ್ದಳು. ಅಲ್ಲಿಂದ ಮುಂದೆ ಏನು ನುಡಿಸಿದೆನೋ ಸರಿಯಾಗಿ ಜ್ಞಾಪಕವಿಲ್ಲ. ನಿಷಾದದ ಹತ್ತಿರ ಎಲ್ಲೋ ಹೋಗಿ, ಇಳಿಯುವ ದಾರಿ ಗೊತ್ತಾಗದೆ, ಅಲ್ಲೇ ಸುತ್ತಿ, ಬೆವರಿ, ಕೊನೆಗೆ ಅಮ್ಮ ಎಂದೂ ಇಳಿಯದ ಒಂದು ಕಡೆಯಿಂದ ಇಳಿದು ಬಂದೆ. ಬಹಳ ಸೊಗಸಾಗಿತ್ತು ಎಂದು ಹೇಳುವ ಆಸೆ ಇದೆ, ಹಾಗೇನೂ ಇರಲಿಲ್ಲ. ಆದರೆ ಹಾಗೆ ಇಳಿದದ್ದು ನಾನು. ಮತ್ತೆ ಹತ್ತುವುದರಲ್ಲಿದ್ದೆ, ಅಷ್ಟರಲ್ಲಿ ಅಮ್ಮ ಮೆಲ್ಲಗೆ, "ಸಾಕು, ಈಗ ನಾನು ಬರ್ತೀನಿ" ಅಂದು ಎರಡನೇ ಸಾಲು ಎತ್ತಿಕೊಂಡಳು.

ಜನ ಹೋದ ಮೇಲೆ ಇಬ್ಬರೂ ಕಾಫಿ ಲೋಟ ತೊಳೆಯಲು ನಿಂತೆವು. ಅವಳು ತೊಳೆಯುವುದು, ನಾನು ಒರೆಸುವುದು. ಅಲ್ಲೂ ನಾನು ಅವಳ ಹಿಂದೆಯೇ.

"ನಾನು ನಿಲ್ಲಿಸಿದಾಗ ಹೇಗನ್ನಿಸ್ತು?"

"ಭಯ ಆಯ್ತು."

"ಆಮೇಲೆ?"

"ಆಮೇಲೂ ಭಯಾನೇ."

"ಆದ್ರೂ ನಿಲ್ಲಿಸಲಿಲ್ಲವಲ್ಲ" ಅಂದಳು. ಇನ್ನೊಂದು ಲೋಟ ಕೊಟ್ಟಳು.

ಆ ತನಕ ನಾನು ಭಯ ಹೋಗಲಿ, ಆಮೇಲೆ ತೀರ್ಮಾನ ಮಾಡೋಣ ಎಂದು ಕಾದಿದ್ದೆ. ಭಯ ಹೋಗುವ ಲಕ್ಷಣ ಕಾಣಲಿಲ್ಲ, ಮನೆಯ ಕೂಲರಿನಂತೆ ಅದೂ ಗುಂಯ್‌ಗುಡುತ್ತಲೇ ಇತ್ತು. ಅದನ್ನೇ ಶ್ರುತಿ ಮಾಡಿಕೊಂಡು ನುಡಿಸಬಹುದೇನೋ ಎಂದು ಲೋಟ ಒರೆಸುವಾಗ ಹೊಳೆಯಿತು. ಅಪ್ಪನಿಗೆ ಹೇಳಿದೆ, ಸೇರುತ್ತೇನೆ ಎಂದು. ಅವರು ಪೇಪರಿನಿಂದ ತಲೆ ಎತ್ತದೆ, "ಮಂಜೂರಾಗಿದೆ" ಅಂದರು. ಸ್ವಲ್ಪ ಹೊತ್ತಿನ ಮೇಲೆ, ಬಸ್ಸಿನಲ್ಲಿ ಪೆಟ್ಟಿಗೆಯ ತಲೆ ಹಿಡಿದುಕೊಳ್ಳಬೇಕು, ಮರೆಯಬೇಡ, ಎಂದರು.

ಸೋಮವಾರ ಮಾರ್ಕೆಟ್ಟಿನ ಹತ್ತಿರದ ಪಿ.ಸಿ.ಓ.ದಿಂದ ನೋಯ್ಡಾಕ್ಕೆ ಫೋನು ಮಾಡಿದೆ. ಆಚೆ ಕಡೆಯವರು, ಯಾವ ಕಂಪನಿಗೆ ಸೇರುತ್ತಿದ್ದೀರಿ ಎಂದು ಕೇಳಿದರು. ಸಂಗೀತ ಅಂದೆ. ಅಚ್ಛಾ, ಅದೂ ನೋಯ್ಡಾದಲ್ಲೇ ಇದೆಯಾ, ಎಂದು ವಿಚಾರಿಸಿಕೊಂಡರು.

ಎರಡು ವರ್ಷ ಮುದ್ರಿಕಾದಲ್ಲಿ ಓಡಾಡಿದೆ. ಆ ಹಿರಿಯ ಹೆಂಗಸು ಹೇಳಿದ ಮಾತಿನಂತೆ ಖಾಲಿ ಜಾಗ ತುಂಬುವುದನ್ನು ಕಲಿಸಿದರು. ಪೂರ್ತಿ ಕಲಿತೆ ಎಂದು ಹೇಳಲಾರೆ, ಈಗಲೂ ಒಬ್ಬಳೇ ನುಡಿಸುವಾಗ ನನ್ನ ಕತ್ತು ಒಂದಿಷ್ಟು ಎಡಕ್ಕೆ ವಾಲಿರುತ್ತದೆ. ಫೋಟೊಗಳಲ್ಲಿ ಅದು ಭಾವಪರವಶತೆಯ ಹಾಗೆ ಕಾಣುತ್ತದೆ, ನಾನು ತಿದ್ದಲು ಹೋಗಿಲ್ಲ. ನಡುವೆ ಅಪ್ಪ ರಿಟೈರ್ ಆದರು. ಕ್ವಾರ್ಟರ್ಸ್ ಬಿಟ್ಟು ಇಂದಿರಾಪುರಂಗೆ ಬಂದೆವು. ಕೂಲರನ್ನು ಮೇಲಿನ ಮನೆಯ ಆಂಟಿಗೆ ಕೊಟ್ಟು ಬಂದೆವು; ಅವರು ಅದನ್ನು ಬರೀ ಗಾಳಿಗೆ ಬಳಸಿದರು.

ಇಲ್ಲಿಯೂ ಶನಿವಾರಗಳು ಮುಂದುವರಿದವು. ಆ ಭಜನೆಯ ನಂತರ ಅಮ್ಮನಿಗೆ ಅದೊಂದು ರೂಢಿಯಾಯಿತು. ಸಾಲಿನ ಕೊನೆಯಲ್ಲಿ ನಿಲ್ಲಿಸಿ, ನುಡಿಸು ಎಂಬಂತೆ ನನ್ನ ಕಡೆ ನೋಡುವುದು. ಮೊದಮೊದಲು ಉಗಾಭೋಗಕ್ಕೆ ಮಾತ್ರ. ಆಮೇಲೆ ಹಾಡಿನ ನಡುವೆಯೂ. ಆಮೇಲೆ ಚರಣಕ್ಕೊಂದು ಸಲ. ಮಗಳು ಎಂ.ಎ. ಮಾಡಿದ್ದಾಳೆ, ತೋರಿಸಿಕೊಳ್ಳಲಿ ಎಂದು ಜನ ತಮಾಷೆ ಮಾಡುತ್ತಿದ್ದರು, ನಾನೂ ಹಾಗೇ ತಿಳಿದು ನಾಚಿಕೊಳ್ಳುತ್ತಿದ್ದೆ. ಒಂದು ಚಳಿಗಾಲ, ಹೊಗೆ ಮಂಜು ಸೇರಿ ಕಿಟಕಿಯಾಚೆ ಎದುರಿನ ಟವರೂ ಕಾಣದಿದ್ದ ಸಂಜೆ, ಅವಳು ನಿಲ್ಲಿಸಿದಾಗ ಅವಳ ಕೈ ಎದೆಯ ಮೇಲಿತ್ತು. ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಯಾವ ಶನಿವಾರದವರೆಗೆ ಅವಳು ನನಗಾಗಿ ನಿಲ್ಲಿಸಿದಳು, ಯಾವುದರಿಂದ ಉಸಿರಿಗಾಗಿ ನಿಲ್ಲಿಸತೊಡಗಿದಳು, ನನಗೆ ತಿಳಿಯಲಿಲ್ಲ. ಲೋಕದ ಎಲ್ಲದರ ಬಗ್ಗೆಯೂ ಮುಂಚಿತವಾಗಿ ಚಿಂತೆ ಮಾಡಿಟ್ಟುಕೊಳ್ಳುವ ನನಗೆ ಅದೊಂದು ತೋಚಿರಲೇ ಇಲ್ಲ. ಕೇಳಿದರೆ ಅವಳು, ಎಲ್ಲಾ ನಿನಗೇ ಕಣೇ, ಉಸಿರೇನು ಮಹಾ, ಎಂದು ಮಾತು ತೇಲಿಸಿಬಿಡುತ್ತಿದ್ದಳು.

ಆ ಹೊತ್ತಿಗೆ ನನ್ನ ಎಂ.ಎ. ಒಂದು ಉಪಯೋಗಕ್ಕೆ ಬಂದಿತ್ತು. ಅವಳು ನಿಲ್ಲಿಸಿದ್ದು ಕೂತವರಿಗೆ ಗೊತ್ತೇ ಆಗದ ಹಾಗೆ ಆ ಜಾಗದಲ್ಲಿ ನುಡಿಸುತ್ತಿದ್ದೆ, ಅವಳಿಗೆ ಬೇಕಾದಷ್ಟು ಹೊತ್ತು. ಅವಳು ಎರಡು ಸಲ ಆಳವಾಗಿ ಉಸಿರೆಳೆದುಕೊಂಡು, ಸೆರಗು ಸರಿಮಾಡಿಕೊಂಡು, ಬಾಯಿ ತೆರೆಯುವ ಮುಂಚೆ ನನ್ನ ಕಡೆ ಒಮ್ಮೆ ಬೆರಳು ಎತ್ತುತ್ತಿದ್ದಳು. ಸಾಕು, ಈಗ ನಾನು ಬರ್ತೀನಿ. ನಾನು ಕಮಾನಿನ ಭಾರ ಇಳಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತಿದ್ದೆ.